ಉಸಿರು ಸೋಸದ ಸೆಟ್ಟು

ಬೂದು ಬಣ್ಣದ್ದೇ ಸಾಕಲ್ಲವೇ? ಇನ್ನೊಂದು ವಾರವಷ್ಟೇ ಮಾತಾಡುವ ಮನುಷ್ಯನಿಗೆ ಮೂವತ್ತೊಂದು ಸಾವಿರದ ಸೆಟ್ಟು ಯಾಕೆ? ಹೀಗೆ ಯೋಚಿಸಿದ ಮರುಕ್ಷಣವೇ ನಾಚಿಕೆಯಾಗುತ್ತಿತ್ತು. ಒಂದು ವಾರವಷ್ಟೇ ಅನ್ನುವುದಕ್ಕೇ ಒಳ್ಳೆಯದನ್ನು ಕೊಳ್ಳಬೇಕಲ್ಲವೇ? ಸರಿ, ಹಾಗಾದರೆ ಇಷ್ಟು ವರ್ಷ ಆ ಹಳೆಯ ಡಬ್ಬಿಯಲ್ಲೇ ಅವನ ಮಾತು ಕೇಳಿಕೊಂಡು ಇದ್ದೆಯಲ್ಲ, ಆಗ ಎಲ್ಲಿತ್ತು ಈ ಪ್ರೀತಿ? ಜಂಬಣ್ಣನ ರೇಡಿಯೊ ಸೆಟ್ಟಿನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ನಾನು ನನ್ನೊಳಗೇ ಜಗಳವಾಡುತ್ತಿದ್ದೆ. ಪಕ್ಕದಲ್ಲಿ ಅಪ್ಪ ಕೂತಿದ್ದ. ಕುತ್ತಿಗೆಗೆ ಸುತ್ತಿದ ಮಫ್ಲರಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಎದುರಿನ ಬಸ್ ಸ್ಟ್ಯಾಂಡನ್ನು ನೋಡುತ್ತಿದ್ದ. ದಪ್ಪ ಮೀಸೆಯ ಕೆಳಗೆ ತುಟಿ ಆಗಾಗ ಅಲುಗುತ್ತಿತ್ತು. ಏನಾದರೂ ಹೇಳುತ್ತಿದ್ದನೋ, ಬರೀ ಉಗುಳು ನುಂಗುತ್ತಿದ್ದನೋ, ನನಗೆ ಗೊತ್ತಾಗುವಂತಿರಲಿಲ್ಲ.

ನಮ್ಮೂರಲ್ಲಿ ಒಂದೇ ಸೂರಿನ ಕೆಳಗೆ ಮಲಗುವವರಿಗೆ ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಹಾಲುಹಲ್ಲು ಇರುವ ತನಕ ಮಕ್ಕಳಿಗೆ ಕೇಳಿಸುತ್ತದೆ, ಕೊನೆಯ ಹಲ್ಲು ಬಿದ್ದ ದಿನದಿಂದ ಇಲ್ಲ. ಅಷ್ಟು ದಿನ ಕೇಳಿದ ದನಿಯ ನೆನಪೂ ಆ ಹಲ್ಲಿನ ಜೊತೆಗೇ ಉದುರುತ್ತದೆ. ಮಾತೊಂದೇ ಅಲ್ಲ, ಗಂಟಲಿನಿಂದ ಬರುವುದು ಯಾವುದೂ ಇಲ್ಲ. ನಗು, ಅಳು, ಕೆಮ್ಮು, ಗೊರಕೆ. ಪಕ್ಕದ ಮನೆಯವರ ಗೊರಕೆ ಗೋಡೆ ತೂರಿ ಬರುತ್ತದೆ, ಮಗ್ಗುಲಲ್ಲಿ ಮಲಗಿದ ಗಂಡನದು ಬರುವುದಿಲ್ಲ. ಊರು ಬಿಟ್ಟು ಹೋದರೂ ಇದು ನಮ್ಮನ್ನು ಬಿಡುವುದಿಲ್ಲ, ಜಾತಿಯ ಹಾಗೆ. ಮೊಬೈಲಿನಲ್ಲಿ ಮಾಡಿದರೆ ಗಾಳಿ, ಟೇಪಿನಲ್ಲಿ ಹಿಡಿದರೂ ಗಾಳಿ. ಕೈಯಲ್ಲಿ ಹಿಡಿಯುವ ರೇಡಿಯೊ ಸೆಟ್ಟಿನಲ್ಲಿ ಮಾತ್ರ ಮಾತು ದಾಟುತ್ತದೆ. ಯಾಕೆ ಎಂದು ಕೇಳುವವರೆಲ್ಲ ಹೊರಗಿನವರು. ಅವರು ಇದನ್ನು ಹವ್ಯಾಸಿ ರೇಡಿಯೊ ಅನ್ನುತ್ತಾರೆ. ಹವ್ಯಾಸವಂತೆ.

ಒಂದೇ ಕೋಣೆಯಲ್ಲಿ ಎರಡು ಸೆಟ್ಟು ಇಟ್ಟರೆ ಕಿವಿ ಹರಿಯುವಂತೆ ಕಿರುಚುತ್ತವೆ. ಆದ್ದರಿಂದ ನಮ್ಮಲ್ಲಿ ಗಂಡ ಹೆಂಡತಿ ಮಾತಾಡಬೇಕೆಂದರೆ ಒಬ್ಬರು ಎದ್ದು ಇನ್ನೊಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಗುಂಡಿ ಒತ್ತಿದವರು ಮಾತಾಡಬೇಕು, ಬಿಟ್ಟವರು ಕೇಳಬೇಕು. ಒತ್ತಿಕೊಂಡೇ ಇದ್ದರೆ ಆ ಕಡೆಯದು ಕೇಳಿಸದು. ಹಾಗಾಗಿ ಹೇಳುವುದು ಮುಗಿದ ಮೇಲೆ 'ನಿಂದು' ಎಂದು ಹೇಳಿ ಗುಂಡಿ ಬಿಡುವುದು ರೂಢಿ. ಇನ್ನು ಸರದಿ ನಿಂದು ಅಂತ. 'ಹಾಲು ಉಕ್ಕೀತು ನೋಡು, ನಿಂದು.' 'ನಿಮ್ಮವ್ವನ ತಿಥಿ ಗುರುವಾರ ಬಂತು, ನಿಂದು.' ನಿಂದು ಎಂದ ಮೇಲೆ ಆ ಕಡೆಯವರು ಮಾತಾಡುವ ತನಕ ಬಾಯಿ ತೆರೆಯಬಾರದು. ಕೊಟ್ಟ ಸರದಿಯನ್ನು ಕಿತ್ತುಕೊಳ್ಳುವವರನ್ನು ನಮ್ಮಲ್ಲಿ ಬಡಿಸಿದ ಅನ್ನ ವಾಪಸು ಎತ್ತಿಕೊಳ್ಳುವವರ ಸಾಲಿಗೆ ಸೇರಿಸುತ್ತಾರೆ. ಒಬ್ಬರ ಮಾತನ್ನು ಕೇಳಿಸಿಕೊಂಡ ಮೂರನೆಯವರು ಅದನ್ನು ದಾಟಿಸುವುದೂ ಇಲ್ಲ. ಅದು ಎಂಜಲು ಮಾತು. ಉಂಡ ಎಲೆಯಲ್ಲಿ ಇನ್ನೊಬ್ಬರಿಗೆ ಬಡಿಸಿದ ಹಾಗೆ.

ಅಪ್ಪ ಹಾಲಪ್ಪ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟು. ಪ್ರೈವೇಟ್ ಬಸ್ಸುಗಳಿಗೆ ಜನ ಕೂಗಿ ಹತ್ತಿಸುವ ಕೆಲಸ. ಊರಿಗೆಲ್ಲ ಅವನ ಕಂಠ ಗೊತ್ತು. ನಾನು ಬಿ.ಎ. ಮಾಡಿ ಮುನಿಸಿಪಾಲಿಟಿ ವಾಚನಾಲಯದಲ್ಲಿ ಸೇರಿಕೊಂಡವನು, 'ಸದ್ದು ಮಾಡಬೇಡಿ' ಎಂಬ ಬೋರ್ಡಿನ ಕೆಳಗೆ ಕೂರುವ ಕೆಲಸ. ಪೇಪರು ಓದಲು ಬರುವವರು ತಲೆಯೆತ್ತಿ, 'ಬಕ್ಕೇಶಿ, ನಿಮ್ಮಪ್ಪ ರಾಗ ಹಿಡಿದಾನೆ ನೋಡು' ಎಂದು ಪಿಸುಗುಟ್ಟಿ ನಗುತ್ತಿದ್ದರು. ಬಸ್ ಸ್ಟ್ಯಾಂಡಿನಿಂದ ಅವನ ಕೂಗು ಅಲ್ಲಿಯವರೆಗೂ ಬರುತ್ತಿತ್ತಂತೆ. ನನಗೆ ಹಾರ್ನಿನ ಸದ್ದು, ಶೇಂಗಾ ಮಾರುವವಳ ಸದ್ದು, ಆ ಎರಡರ ನಡುವೆ ಒಂದು ತೂತು. ಅಷ್ಟೇ. ಚಿಕ್ಕವನಿದ್ದಾಗ ಸ್ಕೂಲಿನಿಂದ ಬರುತ್ತ ಅಲ್ಲಿ ನಿಂತು ನೋಡುತ್ತಿದ್ದೆ. ಅಪ್ಪ ಬಸ್ಸಿನ ಬಾಗಿಲಲ್ಲಿ ಒಂದು ಕೈ ಜೋತುಹಾಕಿ ಬಾಯಿ ತೆರೆಯುತ್ತಿದ್ದ. ಎಲ್ಲೆಲ್ಲೋ ಕೂತಿದ್ದವರು ದಾರ ಕಟ್ಟಿ ಎಳೆದ ಹಾಗೆ ಎದ್ದು ಬರುತ್ತಿದ್ದರು.

ನನ್ನ ಕೊನೆಯ ಹಾಲುಹಲ್ಲು ಬಿದ್ದ ದಿನ ಅವ್ವ ಅತ್ತಿದ್ದಳು. ಅಲುಗುವ ಹಲ್ಲು ಉಳಿಯಲೆಂದು ಮೆತ್ತನ್ನ ಉಣಿಸಿ ಉಣಿಸಿ ಅಷ್ಟು ದಿನ ತಳ್ಳಿದ್ದಳು. ಅಪ್ಪ ಹಲ್ಲನ್ನು ಸೆಗಣಿಯುಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆದು, ನನ್ನ ಕಡೆ ತಿರುಗಿ ಏನೋ ಅಂದ. ಅದು ನನಗೆ ಕೇಳಿಸದ ಮೊದಲ ಮಾತು. ಅಲ್ಲಿಂದ ಮುಂದೆ ನಾನು ಬಲ್ಲ ಅಪ್ಪನೆಂದರೆ ಮದುವೆಯಲ್ಲಿ ಅವ್ವನ ತವರಿನವರು ಕೊಟ್ಟಿದ್ದ ಜೋಡಿ ಸೆಟ್ಟಿನೊಳಗಿನ ಅಪ್ಪ. ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದಂಥ ದನಿ. 'ಉಂಡ್ಯೇನೋ?' ಎಂದರೆ ಯಾಕೆ ಉಂಡೆ ಎಂದು ಕೇಳಿದ ಹಾಗೆ. 'ಬಂದ್ಯಾ?' ಎಂದರೆ ಇಷ್ಟು ಹೊತ್ತು ಎಲ್ಲಿ ಸತ್ತಿದ್ದೆ ಅಂದ ಹಾಗೆ. ನಾನು ಒಂದು ಮಾತಿನಲ್ಲಿ ಉತ್ತರ ಕೊಟ್ಟು ನಿಂದು ಅನ್ನುತ್ತಿದ್ದೆ. ಅವ್ವ ಹೋದ ಮೇಲೆ ಅವಳ ಸೆಟ್ಟು ನನ್ನ ಕೈಗೆ ಬಂತು. ಮಾತು ಮಾತ್ರ ಅಷ್ಟೇ ಉಳಿಯಿತು. ಮಧ್ಯೆ ಒಬ್ಬಳ ದನಿ ನನಗೆ ಬಹಳ ಇಷ್ಟವಾಗಿತ್ತು. ಅದಕ್ಕೇ ಮದುವೆಯಾಗಲಿಲ್ಲ.

ಅಪ್ಪ ಕೆಮ್ಮುತ್ತಿದ್ದಾನೆ ಎಂದು ನನಗೆ ಹೇಳಿದವಳು ಪಕ್ಕದ ಮನೆಯ ಗಂಗಮ್ಮ. ಬೇಲಿಯ ಆಚೆಯಿಂದ ಸಿಟ್ಟಿನಿಂದಲೇ ಹೇಳಿದಳು. 'ರಾತ್ರಿಯೆಲ್ಲ ನಮಗೆ ನಿದ್ದಿ ಇಲ್ಲ ಮಾರಾಯ. ಬ್ಯಾಸಿಗಿಯಿಂದ ಕೆಮ್ಮಾಕತ್ಯಾನೆ. ಡಾಕ್ಟರಿಗೆ ತೋರಿಸಬಾರದಾ?' ನಾವಿಬ್ಬರೂ ಒಂದೇ ಪಡಸಾಲೆಯಲ್ಲಿ ಮಲಗುತ್ತಿದ್ದೆವು. ತೋರಿಸಿದಾಗ ಗಂಟಲಲ್ಲಿ ಗಂಟು ಬೆಳೆದಿತ್ತು. ಜೀವ ಉಳಿಯುತ್ತದೆ, ದನಿಪೆಟ್ಟಿಗೆ ಉಳಿಯುವುದಿಲ್ಲ ಎಂದರು. ಮುಂದಿನ ಸೋಮವಾರಕ್ಕೆ ಆಪರೇಷನ್ನು ಗೊತ್ತಾಯಿತು. ಡಾಕ್ಟರು ಹೇಳಿದ್ದನ್ನು ಕೇಳಿಕೊಂಡು ಅಪ್ಪ ಏನೋ ಒಂದು ಮಾತು ಅಂದ. ಡಾಕ್ಟರು ನಕ್ಕುಬಿಟ್ಟರು. ಆ ಮಾತು ಏನೆಂದು ನನಗೆ ಈಗಲೂ ಗೊತ್ತಿಲ್ಲ. ಮನೆಗೆ ಬಂದು ಅಪ್ಪ ಸೆಟ್ಟು ಕೈಗೆತ್ತಿಕೊಂಡರೆ ಅದು ಮಾತೇ ಆಡಲಿಲ್ಲ. ಸುಟ್ಟ ವಾಸನೆ ಬಂತು. ಅಷ್ಟು ವರ್ಷದ ಸೆಟ್ಟು, ಯಾವತ್ತು ಬೇಕಾದರೂ ಹೋಗಬಹುದಿತ್ತು.

ಬೇರೆ ದಾರಿಯೊಂದಿತ್ತು. ಒಂದು ಅಮಾಸೆಯಿಂದ ಇನ್ನೊಂದು ಅಮಾಸೆಯ ತನಕ ಬೇರೆ ಸೂರಿನಡಿ ಮಲಗಿದರೆ ಕಿವಿ ತೆರೆಯುತ್ತದೆ. ಅಪ್ಪನ ಬರಿಯ ದನಿ ಕೇಳಬೇಕೆಂದು ಬಾಡಿಗೆ ಕೋಣೆ ಮಾಡಿಕೊಂಡ ಮಕ್ಕಳು ನಮ್ಮೂರಲ್ಲಿದ್ದಾರೆ. ನಮ್ಮಲ್ಲಿ ಮನೆ ಬಿಟ್ಟು ಹೋಗುವವರೆಲ್ಲ ಜಗಳವಾಡಿ ಹೋಗುವವರಲ್ಲ. ಆದರೆ ಸೋಮವಾರಕ್ಕೆ ಮೊದಲು ಒಂದೇ ಒಂದು ಅಮಾಸೆಯೂ ಇರಲಿಲ್ಲ. ಅದಕ್ಕೇ ಜಂಬಣ್ಣನ ಅಂಗಡಿ.

ಅಕ್ಕ ಕೊಟ್ರಮ್ಮ ಬಂದ ಮೇಲೆ ಜಂಬಣ್ಣ, ನಾನು ಆಗಿನಿಂದ ಹೊರಗಿನಿಂದಲೇ ಬೆಲೆ ಓದುತ್ತಿದ್ದ ಗಾಜಿನ ಕಪಾಟಿನ ಬೀಗ ತೆಗೆದ. ಅಕ್ಕ ಇಲ್ಲದೆ ಸೆಟ್ಟು ಕೊಳ್ಳುವಂತಿರಲಿಲ್ಲ. ಒಂದೇ ಮನೆಯವರು ಸೆಟ್ಟು ಕೊಳ್ಳುವಾಗ ಬೇರೆ ಸೂರಿನವರೊಬ್ಬರು ಸಾಕ್ಷಿಗೆ ಬರಬೇಕು. ಅವರು ಬರಿಯ ದನಿಯನ್ನೂ ಸೆಟ್ಟಿನ ದನಿಯನ್ನೂ ಕೇಳಿ, ಯಾವುದು ಹತ್ತಿರ ಎಂದು ಹೇಳಬೇಕು. ದನಿ ಹೊಂದಿಸುವುದು ಎಂದು ಅದಕ್ಕೆ ಹೆಸರು. ಅಕ್ಕನಿಗೆ ಮದುವೆಯಾದ ವರ್ಷ ಅಪ್ಪನ ದನಿ ಮರಳಿ ಬಂತು, ಅದೇ ತಿಂಗಳು ಗಂಡನದು ಹೋಯಿತು. ಅಂದಿನಿಂದ ಅವಳು ತವರಿನಲ್ಲಿ ಒಂದು ರಾತ್ರಿಯೂ ತಂಗಿಲ್ಲ. ಒಂದು ರಾತ್ರಿ ತಂಗಿದರೂ ಅಪ್ಪನ ದನಿ ಮತ್ತೆ ಹೋಗುತ್ತದೆ. ಹಬ್ಬಕ್ಕೆ ಬಂದರೂ ದೀಪ ಹಚ್ಚುವ ಹೊತ್ತಿಗೆ ಚೀಲ ಎತ್ತಿಕೊಳ್ಳುತ್ತಿದ್ದಳು.

'ಈಗ ಹೊಸಾವು ಮೂರು ನಮೂನಿ ಬಂದಾವೆ,' ಎಂದು ಜಂಬಣ್ಣ ಬಟ್ಟೆ ಹಾಸಿ ಒಂದೊಂದೇ ಜೋಡಿ ಇಟ್ಟ. 'ಇದು ಬೂದೀದು, ಒಂಬತ್ತು ಸಾವಿರ. ಹೆಂಗಸ್ರು ಭಾಳ ಒಯ್ತಾರೆ. ಕೆಳಗೆ ಬಿದ್ರೂ ಒಡೆಯಲ್ಲ, ಬ್ಯಾಟರಿ ಎರಡು ದಿನ ಬರ್ತತಿ. ಫ್ಯಾನಿನ ಸದ್ದು, ಮಿಕ್ಸಿ ಸದ್ದು ಎಲ್ಲ ಸೋಸಿ ಬರೀ ಮಾತು ಕೊಡ್ತತಿ. ಆದ್ರೆ ಸೋಸೋದ್ರಾಗೆ ಉಸಿರೂ ಹೋಗ್ತತಿ. ಮಾತು ಪೇಪರಿನಾಗೆ ಓದಿದಂಗೆ ಇರ್ತತಿ, ಅಷ್ಟೇ. ಇದು ದೀಪದ್ದು, ಹದಿನಾಲ್ಕು. ಆ ಕಡಿಯೋರು ಗುಂಡಿ ಒತ್ತಿದ್ರೆ ಇಲ್ಲಿ ಕೆಂಪು ದೀಪ ಹತ್ತತಿ. ಅದು ಹತ್ತಿರೋ ತನಕ ನಿನ್ನ ಗುಂಡಿ ಕೆಲಸ ಮಾಡಲ್ಲ. ಮಾತಿಗೆ ಮಾತು ಡಿಕ್ಕಿ ಹೊಡಿಯಲ್ಲ. ಹೊಸದಾಗಿ ಮದುವಿ ಆದೋರಿಗೆ ನಾನು ಇದನ್ನೇ ಕೊಡೋದು, ಅವ್ರಿಗೆ ತಡಕೊಳ್ಳಾಕೆ ಆಗಲ್ಲ ನೋಡು. ಇದು ಕರೀದು. ಮೂವತ್ತೊಂದು. ದೀಪಗೀಪ ಏನಿಲ್ಲ. ಏನೂ ಸೋಸಲ್ಲ. ಎದಿಗೆ ಕಿವಿ ಇಟ್ಟಂಗೆ.'

ಅಪ್ಪ ಏನೋ ಕೇಳಿದ. ಜಂಬಣ್ಣನ ಉತ್ತರ ಮಾತ್ರ ನನ್ನ ಪಾಲಿಗೆ ಬಂತು. 'ಅಯ್ಯ, ಹಾಲಪ್ಪಣ್ಣ, ಸೋಮವಾರದ ಮೇಲೆ ವಾಪಸು ತಗಂತೀಯಾ ಅಂದ್ರೆ ಏನು ಹೇಳ್ಲಿ ನಾನು? ಸೆಟ್ಟು ಏನು ಬಾಡಿಗಿ ಸೈಕಲ್ಲಾ?' ಅಪ್ಪ ಮತ್ತೇನೋ ಅಂದ. ಜಂಬಣ್ಣ ನಗಲು ಹೋಗಿ ನಿಲ್ಲಿಸಿದ. ಅಕ್ಕ ಅಪ್ಪನ ಭುಜಕ್ಕೆ ಮೆಲ್ಲಗೆ ಹೊಡೆದು, 'ಸುಮ್ಮನಿರಪ್ಪ, ಎಲ್ಲದಕ್ಕೂ ತಮಾಸಿ ನಿಂದು,' ಎಂದಳು. ನಾನು ಮೂವರ ಮುಖವನ್ನೂ ನೋಡಿದೆ. ಅಪ್ಪ ತಮಾಷೆ ಮಾಡುತ್ತಾನೆ ಎನ್ನುವುದೇ ನನಗೆ ಹೊಸದು. ಡಬ್ಬಿಯ ಅಪ್ಪ ತಮಾಷೆ ಮಾಡಿದ್ದನ್ನು ನಾನು ಕಾಣೆ. ಮಾಡಿದ್ದನೇನೋ, ನನಗದು ಬೈಗುಳವಾಗಿ ಕೇಳಿಸಿರಬೇಕು.

ಅಪ್ಪ ಅಂಗಡಿಯ ಮೆಟ್ಟಿಲ ಮೇಲೆ ನಿಂತ, ನಾನು ಒಳಗೆ ಗಾಜಿನ ಕೋಣೆಯಲ್ಲಿ. ಅಕ್ಕ ಅಲ್ಲಿಗೂ ಇಲ್ಲಿಗೂ ಓಡಾಡಬೇಕು. ದನಿ ಹೊಂದಿಸುವಾಗ ಸಾಮಾನ್ಯವಾಗಿ ಮನೆದೇವರ ಹೆಸರು ಹೇಳುತ್ತಾರೆ. ಬೂದು ಸೆಟ್ಟಿನಲ್ಲಿ ಅಪ್ಪ ಅದನ್ನೇ ಹೇಳಿದ. ಮಾತು ಬಂತು, ಆದರೆ ಅದು ಯಾರ ಮಾತೂ ಆಗಬಹುದಿತ್ತು. ಅಕ್ಕ ಮುಖ ಸಿಂಡರಿಸಿ, 'ಇವನ್ಯಾರೋ ಪೋಸ್ಟ್‌ಮ್ಯಾನು,' ಎಂದಳು. ದೀಪದ್ದರಲ್ಲಿ ತುಸು ದಪ್ಪ ಬಂತು. 'ಇದು ನಮ್ಮಪ್ಪನ ತಮ್ಮ ಇದ್ದಂಗೆ ಐತಿ. ನಮ್ಮಪ್ಪಗೆ ತಮ್ಮ ಇಲ್ಲ.' ನನಗೆ ದೀಪದ್ದೇ ಸಾಕು ಅನ್ನಿಸಿತ್ತು. ದನಿಯೂ ಪರವಾಗಿಲ್ಲ, ಬೆಲೆಯೂ ಪರವಾಗಿಲ್ಲ, ದೀಪ ಬೇರೆ. ಹಾಗೆಂದು ಸೆಟ್ಟಿನಲ್ಲೇ ಹೇಳಿದೆ. ಅಪ್ಪನ ಉತ್ತರ ಬಂತು: 'ದೀಪ ಯಾಕಲೇ? ನಾವೇನು ಮಾತಿನ ಮ್ಯಾಲೆ ಮಾತಾಡೋ ಜನಾನಾ? ನಿಂದು.' ಅದು ನಿಜ. ಅಪ್ಪ ಒಮ್ಮೆ ನಿಂದು ಅಂದ ಮೇಲೆ, ನಾನು ಉತ್ತರ ಕೊಡದೆ ಎದ್ದು ಹೋದ ದಿನಗಳಲ್ಲೂ, ಇನ್ನೊಂದು ಮಾತು ಸೇರಿಸಿದವನಲ್ಲ.

ಆಮೇಲೆ ಕರಿ ಸೆಟ್ಟು. ಅಪ್ಪ ಈ ಸಲ ದೇವರ ಹೆಸರು ಹೇಳಲಿಲ್ಲ. ಮೊದಲು ಒಂದು ಉಸಿರು ಬಂತು, ಎಷ್ಟು ಹತ್ತಿರ ಬಂತೆಂದರೆ ನಾನು ಕಿವಿ ಒರೆಸಿಕೊಂಡೆ. ಆಮೇಲೆ ಮೆತ್ತಗೆ, ಬಹಳ ಮೆತ್ತಗೆ, ಗಂಟಲಿಗೆ ನೋವಾಗದಂತೆ: 'ಬರ್ರಿ ಬರ್ರಿ... ಹೊಳೆಸಾಲು, ಕಲ್ಲುಕೋಟಿ, ಮ್ಯಾಲಿನಪ್ಯಾಟಿ... ಸೀಟೈತಿ ಬರ್ರಿ, ಕುಂತು ಹೋಗಿರಂತೆ... ಅಮ್ಮಾ, ಗಂಟು ನನ್ನ ಕೈಯಾಗೆ ಕೊಡು, ನೀನು ಹತ್ತು...' ಒಡೆದ ದನಿ. ಅಂಚು ಹರಿದ ಬಟ್ಟೆಯ ಹಾಗೆ. ಆದರೆ ಅದರೊಳಗೆ ಒಂದಿಷ್ಟೂ ಸಿಡುಕಿರಲಿಲ್ಲ. ಯಾರನ್ನೋ ಮನೆಯೊಳಗೆ ಕರೆಯುವ ಹಾಗೆ ಕರೆಯುತ್ತಿದ್ದ. ಗಾಜಿನ ಆಚೆ, ರಸ್ತೆ ಬದಿಯಲ್ಲಿ ಚೀಲ ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ಎದ್ದು, ಬಸ್ಸು ಎಲ್ಲಿದೆ ಎಂದು ಅತ್ತಿತ್ತ ನೋಡಿದಳು.

ಅಕ್ಕ ಒಳಗೆ ಬಂದು ಸೆಟ್ಟಿಗೆ ಕಿವಿಯಿಟ್ಟಳು. 'ಇದು ಅಪ್ಪ,' ಎಂದಳು ಕೊನೆಗೆ. ನಾನು ಕೇಳಿದೆ: 'ಮನೆಯಲ್ಲೂ ಹೀಗೇ ಮಾತಾಡುತ್ತಾನಾ? ಇಷ್ಟು ಮೆತ್ತಗೆ?' 'ಮನಿಯಾಗೆ ಯಾವತ್ತು ಜೋರು ಮಾತಾಡ್ಯಾನೆ ಅವನು? ಕೂಗೋದೆಲ್ಲ ಸ್ಟ್ಯಾಂಡಿನಾಗೇ ಮುಗಿಸಿ ಬರ್ತಿದ್ದ. ನಂಗೂ ಮದುವಿ ಆದಮೇಲೇ ಗೊತ್ತಾಗಿದ್ದು.' 'ನನಗೆ ಹೇಳಲಿಲ್ಲವಲ್ಲ ನೀನು.' ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. 'ಏನಂತ ಹೇಳ್ಲೋ ತಮ್ಮಾ? ಬೆಲ್ಲ ಹೆಂಗಿರ್ತತಿ ಅಂತ ತಿನ್ನದವನಿಗೆ ಹೇಳಾಕೆ ಬರ್ತತೇನು?'

ಕರಿಯದನ್ನೇ ಕೊಂಡೆವು. ಅಪ್ಪ ಬೇಡವೆಂದು ತಲೆಯಾಡಿಸುತ್ತಲೇ ಇದ್ದ. ಅವನು ಜಂಬಣ್ಣನಿಗೆ ಏನು ಹೇಳುತ್ತಿದ್ದನೋ, ಜಂಬಣ್ಣ ಮಾತ್ರ 'ಇರ್ಲಿ ಬಿಡಣ್ಣ, ಹುಡುಗ ಕೇಳಾಕತ್ಯಾನೆ,' ಎಂದ.

ಆ ವಾರ ನಾನು ವಾಚನಾಲಯಕ್ಕೆ ರಜೆ ಹಾಕಿದೆ. ನಾನು ಅಡುಗೆಮನೆಯಲ್ಲಿ, ಅಪ್ಪ ಪಡಸಾಲೆಯಲ್ಲಿ, ನಡುವೆ ಮುಚ್ಚಿದ ಬಾಗಿಲು. ಎಷ್ಟೊಂದು ಮಾತಾಡುತ್ತೇವೆ ಎಂದುಕೊಂಡಿದ್ದೆ. ಆದರೆ ಮಾತಾಡಿ ರೂಢಿಯಿಲ್ಲದವರ ಕೈಗೆ ಒಳ್ಳೆಯ ಸೆಟ್ಟು ಕೊಟ್ಟರೆ ಏನಾದೀತು? ಅಪ್ಪ ಹೇಳುತ್ತಿದ್ದದ್ದು ಯಾವಾಗಿನ ಮಾತೇ. ನಲ್ಲಿ ನೀರು ಬಂತು. ಗಂಗಮ್ಮನ ಮನೆಯ ಮೇಕೆ ಮತ್ತೆ ಕರಿಬೇವು ತಿಂದಿತು. ಸಾರಿಗೆ ಹುಳಿ ಮುಂದಾಗಿದೆ. ಆದರೆ ಈಗ ಪ್ರತಿ ಮಾತಿನ ಮುಂಚೆ ಅವನ ಉಸಿರು ಕೇಳಿಸುತ್ತಿತ್ತು. ಮಾತಿನ ಕೊನೆಗೆ, ನಿಂದು ಅನ್ನುವ ಮುಂಚೆ, ಒಂದು ಚಿಕ್ಕ ತಡವರಿಕೆ. ಇನ್ನೇನೋ ಇದೆ, ಇರಲಿ ಬಿಡು ಅಂದುಕೊಂಡ ಹಾಗೆ. ಹಳೆಯ ಸೆಟ್ಟು ಆ ತಡವರಿಕೆಯನ್ನು ಇಷ್ಟು ವರ್ಷ ನುಂಗಿತ್ತು.

'ಉಂಡ್ಯೇನೋ? ನಿಂದು,' ಎಂದ ಮೊದಲ ದಿನ. ನಾನು ಒಲೆಯ ಮುಂದೆ ನಿಂತು ಆ ಮಾತನ್ನು ಕೇಳಿದೆ. ಅದರಲ್ಲಿ ಸಿಟ್ಟಿರಲಿಲ್ಲ. ಯಾವತ್ತೂ ಇದ್ದಿರಲಿಲ್ಲ ಎಂದು ಕಾಣುತ್ತದೆ. ಅಪ್ಪ ಸಿಡುಕ ಎಂದು ನಾನು ತಿಳಿದಿದ್ದೆ, ಸಿಡುಕುತ್ತಿದ್ದದ್ದು ಸೆಟ್ಟು. ಆ ಸಿಡುಕಿಗೆ ಹೆದರಿ, ಮುನಿದು, ಒಂದು ಮಾತಿಗೆ ಒಂದೇ ಮಾತು ಕೊಟ್ಟು ಬೆಳೆದ ನಾನು ಈಗ ಉಪ್ಪಿನ ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ಉತ್ತರ ಕೊಡಲು ತಡವಾಯಿತು. ಅಪ್ಪ ಕಾದ. ಅವನು ಯಾವಾಗಲೂ ಕಾಯುತ್ತಿದ್ದ. 'ಇನ್ನೂ ಇಲ್ಲಪ್ಪ, ನಿನ್ನ ಜೊತೆ ಉಣ್ತೀನಿ. ನಿಂದು,' ಎಂದೆ. ಆ ಕಡೆಯಿಂದ ಒಂದು ಸಣ್ಣ ಸದ್ದು ಬಂತು. ನಗುವೆಂದು ಗುರುತಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಪ್ಪನ ನಗು ನನಗೆ ಪರಿಚಯವಿರಲಿಲ್ಲ.

ನನ್ನ ಆಸೆ ಒಂದೇ ಆಗಿತ್ತು. ಆ ತಡವರಿಕೆಯ ಆಚೆ ಇರುವುದನ್ನು ಅವನು ಒಮ್ಮೆ ಹೇಳಬೇಕು. ಏನೆಂದು ಕೇಳಲು ನನಗೆ ಬಾಯಿ ಬರಲಿಲ್ಲ. ಹೆಂಚಿನ ಮೇಲೆ ಹಲ್ಲು ಎಸೆದ ದಿನ ಏನಂದೆ ಎಂದು ಕೇಳಬೇಕೆಂದುಕೊಂಡು, ಗುಂಡಿ ಒತ್ತಿ, 'ಗಂಜಿಗೆ ಮಜ್ಜಿಗೆ ಹಾಕ್ಲಾ? ನಿಂದು,' ಎಂದು ಕೇಳಿದೆ. ಹೀಗೇ ಭಾನುವಾರ ಬಂದುಬಿಟ್ಟಿತು.

ಆಸ್ಪತ್ರೆ ಇರುವ ಪಟ್ಟಣಕ್ಕೆ ಹೊರಡಬೇಕಾದದ್ದು ಅಂದು ಬೆಳಿಗ್ಗೆ. ವಾರ್ಡಿನೊಳಗೆ ಸೆಟ್ಟು ತರುವಂತಿಲ್ಲ ಎಂದಿದ್ದರು, ಹಾಗಾಗಿ ಸೆಟ್ಟುಗಳನ್ನು ಮನೆಯಲ್ಲೇ ಬಿಡಬೇಕಿತ್ತು. ಭಾವ ಕಾರು ತಂದು ಬೀದಿ ಕೊನೆಯಲ್ಲಿ ನಿಲ್ಲಿಸಿದ್ದ. ಅಕ್ಕ ಪಡಸಾಲೆಯಲ್ಲಿ ಅಪ್ಪನ ಬಟ್ಟೆ ಜೋಡಿಸುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಫ್ಲಾಸ್ಕಿಗೆ ಗಂಜಿ ತುಂಬಿಸುತ್ತಿದ್ದೆ. ಕಟ್ಟೆಯ ಮೇಲಿಟ್ಟಿದ್ದ ಸೆಟ್ಟಿನಲ್ಲಿ ಉಸಿರು ಬಂತು.

'ಗ್ಯಾಸು ಬಂದ್ ಮಾಡು. ಹಿತ್ಲ ಬಾಗ್ಲಿಗೆ ಚಿಲಕ ಹಾಕು. ಬೀಗದಕೈ ಗಂಗಮ್ಮನ ಕೈಯಾಗೆ ಕೊಡು, ಕರಿಬೇವಿಗೆ ನೀರು ಹಾಕಾಕೆ ಹೇಳು. ಆ ಮ್ಯಾಕಿ ಒಳಗೆ ಬರದಂಗೆ ನೋಡು ಅನ್ನು.' ತಡವರಿಕೆ. 'ನಿಂದು.'

ಸರದಿ ನನ್ನದು. ನಾನು ಗುಂಡಿ ಒತ್ತಿದೆ. ಕೈಯಲ್ಲಿ ಫ್ಲಾಸ್ಕಿನ ಮುಚ್ಚಳ ಇತ್ತು, ಅದನ್ನು ತಿರುಗಿಸುತ್ತಲೇ, ಮುಚ್ಚಿದ ಬಾಗಿಲಾಚೆ ಅಕ್ಕನಿಗೂ ಕೇಳಿಸದಂಥ ವಾಚನಾಲಯದ ಮೆಲುದನಿಯಲ್ಲಿ ಮಾತಾಡಿದೆ. ಗ್ಯಾಸು ಆಗಲೇ ಬಂದ್ ಮಾಡಿದೆ ಎಂದೆ. ಚಿಲಕ ಹಾಕುತ್ತೇನೆ ಎಂದೆ. ಶಾಲು ಕೈಚೀಲದಲ್ಲೇ ಇರಲಿ, ಅಲ್ಲಿ ಚಳಿ ಇರುತ್ತದಂತೆ, ಅಕ್ಕನಿಗೆ ಹೇಳು ಎಂದೆ. ಎಕ್ಸರೇ ಕವರು ಸೀಟಿನ ಕೆಳಗೆ ಇಡುವುದು ಬೇಡ, ಮಡಚಿ ಹೋಗುತ್ತದೆ ಎಂದೆ. ಹಾಲಿನವನಿಗೆ ಹೇಳಿದ್ದಾಗಿದೆ ಎಂದೆ. ನಾನು ಅಷ್ಟು ಉದ್ದಕ್ಕೆ ಅಪ್ಪನೊಂದಿಗೆ ಮಾತಾಡಿದ್ದು ಅದೇ ಮೊದಲು. ಮಾತಾಡಿದಷ್ಟು ಹೊತ್ತು ನಾವು ಹೊರಡುವುದಿಲ್ಲ ಎಂಬಂತೆ ಮಾತಾಡಿದೆ. 'ನಿಂದು,' ಎಂದು ಬೆರಳು ಎತ್ತಿದೆ.

ಬೆರಳು ಎತ್ತಿದ ಕ್ಷಣಕ್ಕೆ ಸೆಟ್ಟಿನಲ್ಲಿ ಅಪ್ಪನ ದನಿ ಇತ್ತು. ಯಾವುದೋ ಮಾತಿನ ಬಾಲ ಮುಗಿಯುತ್ತಿತ್ತು, ಒಂದು ಅಕ್ಷರವೂ ಅಲ್ಲ, ಅಕ್ಷರದ ಅರ್ಧ. ಆಮೇಲೆ ಒಂದು ದೊಡ್ಡ ಉಸಿರು, ಭಾರ ಇಳಿಸಿದವನ ಉಸಿರು. ಆಮೇಲೆ, ನನ್ನ ಕಿವಿಯಲ್ಲೇ ಹೇಳಿದ ಹಾಗೆ, ಸ್ಪಷ್ಟವಾಗಿ: 'ನಿಂದು.'

ಅರ್ಥವಾಗಲು ನನಗೆ ಹೊತ್ತು ಹಿಡಿಯಿತು. ಸರದಿ ಕೊಟ್ಟ ಮೇಲೆ ಅಪ್ಪ, ನಾನು ಒತ್ತಿದ ಕ್ಷಣಕ್ಕೇ, ಮತ್ತೆ ಗುಂಡಿ ಒತ್ತಿದ್ದ. ಜೀವಮಾನದಲ್ಲಿ ಒಮ್ಮೆಯೂ ಮಾಡದ ಕೆಲಸ. ನಾನು ಸರದಿ ತೆಗೆದುಕೊಂಡಿದ್ದೇನೆಂದು ಅವನಿಗೆ ಗೊತ್ತಾಗಲಿಲ್ಲ. ನಾನು ಸುಮ್ಮನಿದ್ದೇನೆ, ಕೇಳುತ್ತಿದ್ದೇನೆ ಎಂದುಕೊಂಡು ಅವನು ಹೇಳಿದ್ದ. ನಾನು ಎಕ್ಸರೇ ಕವರಿನ ಬಗ್ಗೆ ಮಾತಾಡಿದಷ್ಟು ಹೊತ್ತೂ ಹೇಳಿದ್ದ. ದೀಪದ ಸೆಟ್ಟಾಗಿದ್ದರೆ ನಮ್ಮಲ್ಲೊಬ್ಬರಿಗೆ ಕೆಂಪಗೆ ಹತ್ತುತ್ತಿತ್ತು.

ಇನ್ನೊಮ್ಮೆ ಹೇಳು ಅನ್ನುವುದು ನಮ್ಮಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತು. ನಾನು ಗುಂಡಿಯ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಅಕ್ಕ ನಿಂತಿದ್ದಳು. ಮೂಗು ಕೆಂಪಾಗಿತ್ತು, ಕೈಯಲ್ಲಿ ಅಪ್ಪನ ಮಡಚಿದ ಪಂಚೆ ಹಾಗೇ ಇತ್ತು. 'ಅಂದನಲ್ಲೋ, ತಮ್ಮಾ,' ಎಂದಳು. 'ಕೊನಿಗೂ ಅಂದನಲ್ಲ. ಸಾಕು ಬಿಡು ನಂಗೆ.' ಅವಳ ಹಿಂದೆ, ಕುರ್ಚಿಯಲ್ಲಿ, ಅಪ್ಪ. ಸೆಟ್ಟನ್ನು ತೊಡೆಯ ಮೇಲೆ ಮಗುಚಿ ಇಟ್ಟಿದ್ದ, ಇನ್ನು ಅದರ ಕೆಲಸ ಮುಗಿಯಿತು ಎಂಬಂತೆ. ನನ್ನನ್ನೇ ನೋಡುತ್ತಿದ್ದ. ಆ ಮುಖವನ್ನು ನಾನು ಮೊದಲು ಕಂಡಿರಲಿಲ್ಲ. ಪರೀಕ್ಷೆ ಬರೆದು ಹೊರಗೆ ಬಂದ ಹುಡುಗನ ಮುಖ. ಏನಾಗುತ್ತದೋ ಆಗಲಿ, ಬರೆದದ್ದಂತೂ ಬರೆದೆ ಎಂಬ ಮುಖ. ತುಸು ನಾಚಿಕೆಯೂ ಇತ್ತು. ಸರದಿ ಮೀರಿದ್ದಕ್ಕೋ, ಹೇಳಿದ್ದಕ್ಕೋ.

ಇನ್ನೊಮ್ಮೆ ಹೇಳು ಅಂದರೆ ಅವನು ಹೇಳುತ್ತಿದ್ದನೇ? ಅಕ್ಕ ನೋಡುತ್ತಿರುವಾಗ, ಭಾವ ಹಾರ್ನು ಹೊಡೆಯುತ್ತಿರುವಾಗ? 'ಏನಿಲ್ಲ ಬಿಡು, ಚಿಲಕ ಹಾಕು' ಎನ್ನುತ್ತಿದ್ದ. ಆ ಮುಖ ಹೋಗುತ್ತಿತ್ತು. ಅಂದದ್ದು ನನಗೆ ತಲುಪಲಿಲ್ಲ ಎಂದು ತಿಳಿದುಕೊಂಡು ಅವನು ಆಪರೇಷನ್ನಿನ ಮೇಜಿನ ಮೇಲೆ ಮಲಗುತ್ತಿದ್ದ. ಅಲ್ಲಿಂದ ಎದ್ದ ಮೇಲೆ ಹೇಳಲು ದನಿಯೇ ಇರುವುದಿಲ್ಲ. ಇದನ್ನೆಲ್ಲ ನಾನು ಆಗ ಇಷ್ಟು ಬಿಡಿಸಿ ಯೋಚಿಸಲಿಲ್ಲ. ಗುಂಡಿಯಿಂದ ಬೆರಳು ತಾನಾಗಿ ಜಾರಿತು. ನಾನು ಅಪ್ಪನನ್ನು ನೋಡಿ ತಲೆಯಾಡಿಸಿದೆ. ನಿಧಾನವಾಗಿ, ಎರಡು ಸಲ. ಅಪ್ಪನೂ ತಲೆಯಾಡಿಸಿದ. ಎದ್ದು, ಮಫ್ಲರು ಸರಿಮಾಡಿಕೊಂಡು, ಚಪ್ಪಲಿ ಹುಡುಕಿದ.

ಕಾರು ಬಸ್ ಸ್ಟ್ಯಾಂಡಿನ ಮುಂದೆ ಹಾಯುವಾಗ ಅಲ್ಲಿದ್ದ ಏಜೆಂಟರು, ಕಂಡಕ್ಟರುಗಳು ಅಡ್ಡ ಬಂದು ನಿಲ್ಲಿಸಿದರು. 'ಒಂದ್ಸಲ ಕೂಗಣ್ಣಾ!' ಎಂದು ಯಾರೋ ಅಂದರು. ಅಪ್ಪ ಕಿಟಕಿಯ ಗಾಜು ಇಳಿಸಿ ಬಾಯಿ ತೆರೆದ. ಅವನು ಕೂಗಿದ್ದು ನನಗೆ ಕಾಣಿಸಿತು. ಕುತ್ತಿಗೆಯ ನರ ಉಬ್ಬಿದವು. ಬಸ್ ಸ್ಟ್ಯಾಂಡು ಪೂರ್ತಿ ತಿರುಗಿ ನೋಡಿತು. ಸೀಟಿನ ಈ ತುದಿಯಲ್ಲಿ ಫ್ಲಾಸ್ಕು ತೊಡೆಯ ಮೇಲಿಟ್ಟುಕೊಂಡು ಕೂತ ನನಗೆ ಎಂಜಿನ್ನಿನ ಸದ್ದು ಕೇಳಿಸಿತು.

ಅಪ್ಪ ಉಳಿದ. ಕುತ್ತಿಗೆಯಲ್ಲಿ ಒಂದು ತೂತು, ಅದರ ಮೇಲೆ ತೆಳು ಬಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ಈಗ ಮೈಕು ಹಾಕಿದ್ದಾರೆ, ಯಾರೋ ಹೆಂಗಸಿನ ದನಿ ಊರುಗಳ ಹೆಸರು ಹೇಳುತ್ತದೆ. ಅದು ನನಗೂ ಕೇಳಿಸುತ್ತದೆ. ಅಪ್ಪ ಸಂಜೆ ಅಲ್ಲಿಗೆ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಾನೆ. ಬೇಕಾದ್ದನ್ನು ಸ್ಲೇಟಿನ ಮೇಲೆ ಬರೆಯುತ್ತಾನೆ. ಉಪ್ಪು ಕಮ್ಮಿ. ನಲ್ಲಿ ಬಂತು. ಮೇಕೆ. ಬರೆಯಲು ಅವನಿಗೆ ಯಾವತ್ತೂ ಅಷ್ಟು ಕೈ ಬಂದಿರಲಿಲ್ಲ.

ಜಂಬಣ್ಣ ಸೆಟ್ಟುಗಳನ್ನು ವಾಪಸು ತೆಗೆದುಕೊಳ್ಳುತ್ತೇನೆಂದು ಎರಡು ಸಲ ಹೇಳಿ ಕಳಿಸಿದ. ಅಪ್ಪ ಕೊಡಲಿಲ್ಲ. ಊಟಕ್ಕೆ ಮುಂಚೆ ಅವನು ಪಡಸಾಲೆಯಲ್ಲಿ ಕೂತು ಗುಂಡಿ ಒತ್ತುತ್ತಾನೆ. ಅಡುಗೆಮನೆಯಲ್ಲಿ ನನಗೆ ಅವನ ಉಸಿರು ಬರುತ್ತದೆ, ಕುತ್ತಿಗೆಯ ತೂತಿನಿಂದ ಬರುವ ಉಸಿರು, ಕೊಳವೆಯಲ್ಲಿ ಗಾಳಿ ಹಾಯ್ದ ಹಾಗೆ. ಸ್ವಲ್ಪ ಹೊತ್ತು ಅದೇ. ಆಮೇಲೆ ಉಗುರಿನಿಂದ ಸೆಟ್ಟಿನ ಮೇಲೆ ಒಮ್ಮೆ ಕುಟ್ಟುತ್ತಾನೆ. ಅದು ನಿಂದು ಎಂದು ಅರ್ಥ. ಆಗ ನಾನು ಮಾತಾಡುತ್ತೇನೆ. ವಾಚನಾಲಯಕ್ಕೆ ಯಾರು ಬಂದಿದ್ದರು, ಪೇಪರಿನಲ್ಲಿ ಏನಿತ್ತು, ಅಕ್ಕ ಯಾವಾಗ ಬರುತ್ತಾಳೆ. ಈಗ ನನಗೆ ಮಾತು ಬರುತ್ತದೆ. ಇಷ್ಟು ವರ್ಷ ಕೊಡದೆ ಇಟ್ಟುಕೊಂಡಿದ್ದ ಉತ್ತರಗಳನ್ನೆಲ್ಲ ಒಂದೊಂದಾಗಿ ಕೊಡುತ್ತಿದ್ದೇನೆ.

ಅಕ್ಕ ಬಂದಾಗ ಒಮ್ಮೊಮ್ಮೆ, 'ಅವತ್ತು ಅಪ್ಪ ಅಂದಿದ್ದು ನೆನಪಾಯ್ತು ನೋಡು,' ಎಂದು ಕಣ್ಣೊರೆಸಿಕೊಳ್ಳುತ್ತಾಳೆ. ಎಂಜಲಾದರೂ ಸರಿ, ಬಡಿಸು ಎಂದು ಅವಳನ್ನು ಕೇಳಬಹುದು. ಕೇಳಿದರೆ ಅವಳಿಗೆ ಗೊತ್ತಾಗುತ್ತದೆ. ಅವಳಿಗೆ ಗೊತ್ತಾದದ್ದು ಸಂಜೆಯೊಳಗೆ ಅವಳ ಮುಖದಲ್ಲಿ ಅಪ್ಪನಿಗೆ ಗೊತ್ತಾಗುತ್ತದೆ. ಹಾಗಾಗಿ ನಾನೂ 'ಹ್ಞೂಂ' ಅನ್ನುತ್ತೇನೆ. ನಾವು ಮೂವರೂ ಆ ಮಾತಿನ ಸುತ್ತ ಕೂತಿರುತ್ತೇವೆ, ಇಬ್ಬರಿಗೆ ಅದು ಗೊತ್ತಿರುತ್ತದೆ.

ನಿನ್ನೆಯೂ ಅಪ್ಪ ಉಗುರಿನಿಂದ ಕುಟ್ಟಿದ. ನಾನು ಎಲ್ಲವನ್ನೂ ಹೇಳಿದೆ. ಅಂದು ಬೆಳಿಗ್ಗೆ ನನಗೆ ಕೇಳಿಸಲಿಲ್ಲ ಎಂದು ಮಾತ್ರ ಹೇಳಲಿಲ್ಲ.